ಗೋಡೆಯವರ ಪಾಲಿನ ಅಂಜೂರ

ಸೂರ್ಯ ಇನ್ನೂ ಪೈನ್ ಮರಗಳ ಹಿಂದೆಯೇ ಇದ್ದಾನೆ. ಜೊತೆಗೆ ಬಂದ ನಾನು ನೋಡುತ್ತಿದ್ದಂತೆ ಎವುಲಾರಿಯಾ ಕಲ್ಲುಗೋಡೆಯ ಬುಡದಲ್ಲಿ ಮಂಡಿಯೂರಿ ಮರದ ಪೆಟ್ಟಿಗೆಯೊಂದರ ಮುಚ್ಚಳ ತೆಗೆಯುತ್ತಾರೆ. ಒಂದು ಖಾನೆಯಲ್ಲಿ ಜಾಲರಿಯ ಹಿಂದೆ ಜೀವಂತ ಇಲಿ. ಇನ್ನೊಂದರಲ್ಲಿ, ಅದರ ಆಸೆಗೆ ಒಳನುಗ್ಗಿ ಸಿಕ್ಕಿಬಿದ್ದ ಹಾವು. ಹಾವು ಬಟ್ಟೆಚೀಲಕ್ಕೆ ಇಳಿಯುತ್ತದೆ, ಇಲಿಗೆ ಸೇಬಿನ ಚೂರು ಸಿಗುತ್ತದೆ. "ರಾತ್ರಿಯೆಲ್ಲ ಹೆದರಿದ್ಯಾ ಪುಟ್ಟಾ? ತಿನ್ನು."

ಬಿಸಿಲೇರಿದರೆ ಇಲಿಗಳು ಬೆಂದುಹೋಗುತ್ತವೆ. ಅದಕ್ಕೇ ಕಣಿವೆಯ ಪೆಟ್ಟಿಗೆಗಳನ್ನೆಲ್ಲ ನೋಡಿ ಮುಗಿಸಿದ ಮೇಲೆಯೇ ಅವರಿಗೆ ಕಾಫಿ. ಊರವರು ಇಟ್ಟ ಹೆಸರು 'ಇಲಿಯಮ್ಮ'. "ನಮ್ಮತ್ತೆ ಕರೀತಿದ್ದ ಹೆಸರಿಗಿಂತ ಇದೇ ವಾಸಿ" ಎಂದು ನಗುತ್ತಾರೆ.

ಸ್ಪೇನಿಗೆ ಸೇರಿದ ನಮ್ಮ ಇಬೀಸಾ ದ್ವೀಪದಲ್ಲಿ ಮೊದಲು ಹಾವೇ ಇರಲಿಲ್ಲ. ತೋಟದ ಚೆಂದಕ್ಕೆಂದು ಹೊರಗಿನಿಂದ ತರಿಸಿದ ಮುದಿ ಆಲಿವ್ ಮರಗಳ ಪೊಟರೆಯಲ್ಲಿ ಕೂತು ಬಂದವು. "ಮೊದಲ್ನೇ ಹಾವು ಕಂಡಾಗ ಮಕ್ಕಳನ್ನ ಕರೆದು ತೋರಿಸಿದ್ವಿ. ಇಲಿ ತಿನ್ನುತ್ತೆ, ಇರಲಿ ಬಿಡಿ ಅಂದ್ವಿ. ಅದು ತಿಂದಿದ್ದು ನಮ್ಮ ಹಲ್ಲಿಗಳನ್ನ" ಎನ್ನುತ್ತಾರೆ ಎವುಲಾರಿಯಾ.

ಗೋಡೆಯ ಮೇಲೆ ಬಿಸಿಲು ಕಾಯಿಸುವ ಹಸಿರು-ನೀಲಿ ಹಲ್ಲಿಗಳವು. ಹಾವನ್ನೇ ಕಾಣದ ಅವಕ್ಕೂ ಓಡಬೇಕೆಂದು ತೋಚಲಿಲ್ಲ. ಒಂದು ಸಲಕ್ಕೆ ಇಡುವುದು ಎರಡೋ ಮೂರೋ ಮೊಟ್ಟೆ. ಹುಟ್ಟಿದ ಮರಿ ತಾನು ತಾಯಿಯಾಗಲು ಸುಮಾರು ಎರಡು ವರ್ಷ. ತಿನ್ನುವವರ ಅವಸರಕ್ಕೆ ಹುಟ್ಟುವವರ ನಿಧಾನ ಸಾಲಲಿಲ್ಲ. ಗೋಡೆಗಳು ಬರಿದಾದವು.

ಆಗಸ್ಟ್‌ನಲ್ಲಿ ಅಂಜೂರ ಸೀಳಿ ಜೊಂಡಿನ ಚಾಪೆಯ ಮೇಲೆ ಒಣಹಾಕುತ್ತೇವೆ. ಮುತ್ತುವ ಇರುವೆಗಳನ್ನು ಹಲ್ಲಿಗಳೇ ನೋಡಿಕೊಳ್ಳುತ್ತಿದ್ದವು. ಅದಕ್ಕೆ ಕೂಲಿಯೆಂಬಂತೆ ಸೀಳಿದ ಮೊದಲ ಹಣ್ಣು ಗೋಡೆಯ ಮೇಲೆ. 'ಗೋಡೆಯವರ ಪಾಲು' ಅಂತ ಅದಕ್ಕೆ ಹೆಸರು. ಹಲ್ಲಿಗಳಿಲ್ಲದ ವರ್ಷಗಳಲ್ಲೂ ಎವುಲಾರಿಯಾ ಇಡುವುದನ್ನು ಬಿಡಲಿಲ್ಲ.

ಈ ಏಪ್ರಿಲ್‌ನಲ್ಲಿ, ಪಕ್ಕದ ಮನೆಯ ರೀತಾಳ ಅಂಗಳಕ್ಕೂ ತಮ್ಮ ಅಂಗಳಕ್ಕೂ ನಡುವಿನ ಗೋಡೆಯ ಮೇಲೆ ಎವುಲಾರಿಯಾರಿಗೆ ಮೊಟ್ಟೆಗಳಿಂದ ಹೊಟ್ಟೆ ಉಬ್ಬಿದ ಹಲ್ಲಿಯೊಂದು ಕಂಡಿತು. ಆದರೆ ಆಗಸ್ಟ್‌ನಲ್ಲಿ ಅಂಜೂರ ಒಣಹಾಕುವ ಹೊತ್ತಿಗೆ, ಇರುವೆಗಳಿಂದ ರೋಸಿಹೋಗಿದ್ದ ರೀತಾ ವಿಷದ ಪುಡಿ ತಂದಿದ್ದಳು.

"ಹಾಕಬೇಡ ಕಣೇ. ಮರಿ ಬರೋ ಕಾಲ. ವಿಷ ತಿಂದ ಇರುವೆಯನ್ನ ಮರಿ ತಿಂದ್ರೆ?"

"ಯಾವ ಮರಿಯೇ? ಒಂದು ಹಲ್ಲಿ ನೋಡ್ಬಿಟ್ಟು ಅಜ್ಜಿಯಾಗೋಕೆ ಹೊರಟ್ಯಾ? ಹೋದ ವರ್ಷ ನನ್ನ ಅರ್ಧ ಹಣ್ಣು ಇರುವೆ ಪಾಲಾಯ್ತು."

"ಈ ಸುತ್ತಿನ ಹಣ್ಣು ಒಣಗೋವರೆಗೆ ತಡ್ಕೋ. ಹಾಳಾದಷ್ಟೂ ನನ್ನ ಚಾಪೆಯಿಂದ ತಗೋ."

"ಚೆನ್ನಾಗಿರೋದನ್ನೇ ಆರಿಸಿ ತಗೋತೀನಿ, ಆಮೇಲೆ ಮುಖ ಊದಿಸ್ಕೋಬೇಡ!"

ಪುಡಿಯ ಡಬ್ಬಿ ರೀತಾಳ ಕಿಟಕಿಯಲ್ಲಿ ಮುಚ್ಚಿಯೇ ಉಳಿದಿದೆ. ಎವುಲಾರಿಯಾರ ಒಂದು ಚಾಪೆ ಅಂಜೂರ ಆಗಲೇ ಗೋಡೆ ದಾಟಿ ಆಚೆ ಹೋಗಿದೆ. ಇಂದು ಬೆಳಿಗ್ಗೆ ನಾವು ಕೊನೆಯ ಪೆಟ್ಟಿಗೆ ಮುಚ್ಚುತ್ತಿದ್ದಾಗ ಆಚೆಯಿಂದ ರೀತಾ ಕೂಗುತ್ತಾಳೆ: "ಇಲಿಯಮ್ಮಾ! ಬಾರೇ ಬೇಗ!"

ಚಾಪೆಯ ಅಂಚಿನಲ್ಲಿ, ಬಾಲ ಸೇರಿಸಿದರೂ ಬೆರಳುದ್ದವಿಲ್ಲದ ಮರಿ. ಕತ್ತು ಓರೆ ಮಾಡಿ ನೋಡುತ್ತದೆ, ಒಂದು ಇರುವೆಯನ್ನು ಗುಳುಂ ಮಾಡುತ್ತದೆ, ಕಲ್ಲಿನ ಸಂದಿಗೆ ಓಡುತ್ತದೆ. ಓಡುವುದನ್ನು ಕಲಿತಿದೆ.

"ಒಂದು ಇರುವೆ ತಿಂತು. ಉಳಿದ ಸಾವಿರ ಯಾರು ತಿಂತಾರೆ, ನೀನಾ?" ಎನ್ನುತ್ತಾಳೆ ರೀತಾ. ದನಿಯಲ್ಲಿ ಮುನಿಸಿಲ್ಲ.

ಎವುಲಾರಿಯಾ ಸಂದಿಯಿಂದ ಕಣ್ಣು ತೆಗೆಯುವುದಿಲ್ಲ. "ಇದು ದೊಡ್ಡದಾಗಿ ಮೊಟ್ಟೆ ಇಡೋವರೆಗೆ ಈ ಗೋಡೆಗೆ ಹಾವು ಬರದ ಹಾಗೆ ನೋಡ್ಕೊಂಡ್ರೆ ನನಗೆ ಸಾಕು" ಎನ್ನುತ್ತಾರೆ, ಚೀಲ ಹೆಗಲಿಗೇರಿಸುತ್ತಾ.

ನಾನು ಹೊರಡುವ ಹೊತ್ತಿಗೆ ರೀತಾ ಹೊಸ ಬುಟ್ಟಿಯ ಅಂಜೂರ ಸೀಳಲು ಕೂತಿದ್ದಾಳೆ. ಮೊದಲನೆಯದನ್ನು ಸೀಳಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಗೋಡೆಯ ಮೇಲಿಡುತ್ತಾಳೆ.