ಗಿಡವಿಲ್ಲದ ಗುಂಡಿಗಳ ಕಾವಲು

ಕಳೆದ ವಾರ ಪೊಳಲಿಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಸುಡುಮಣ್ಣಿನ ವಾಸನೆ ಬಂತು. ಯಾರೋ ಗೊಬ್ಬರಕ್ಕೆಂದು ತರಗೆಲೆಯ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟಿದ್ದರು. ಆ ಹೊಗೆಗೆ ತೋಡಾರಿನ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು... ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ, ನಾನು ಕರೆಯುತ್ತಿದ್ದದ್ದು ಹಾಗೆ.

ಗಂಡ ತೀರಿಕೊಂಡ ಮೇಲೆ ಅವರು ಮೈದುನನ ಸಂಸಾರದ ಜೊತೆ ಅದೇ ಮನೆಯಲ್ಲಿದ್ದರು. ದುಬೈಯಿಂದ ಬಂದ ಮೈದುನ ಕಾರು ಕೊಂಡರು, ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸು ಹಾಸುವುದೆಂದು ತೀರ್ಮಾನಿಸಿದರು. ಮನೆಯಲ್ಲಿ ದೊಡ್ಡಮ್ಮನಿಗೂ ಪಾಲಿತ್ತು. ಅವರನ್ನು ಮಾತ್ರ ಯಾರೂ ಕೇಳಲಿಲ್ಲ. ಅವರು ಜಗಳವಾಡಲಿಲ್ಲ. ಮರುದಿನ ಬೆಳಿಗ್ಗೆ ಪಿಕ್ಕಾಸು ಹಿಡಿದು ತಮ್ಮ ಕೋಣೆಯ ಕಿಟಕಿಯೆದುರು ಗುಲಾಬಿಗೆಂದು ಗುಂಡಿ ತೋಡತೊಡಗಿದರು.

ನಮ್ಮದು ಮುರಕಲ್ಲಿನ ಗಟ್ಟಿ ನೆಲ. ಸುಮ್ಮನೆ ತೋಡಿ ನೆಟ್ಟರೆ ಮಳೆಗಾಲದಲ್ಲಿ ಗುಂಡಿಯೊಳಗೇ ನೀರು ನಿಂತು ಬೇರು ಕೊಳೆಯುತ್ತದೆ. ದೊಡ್ಡಮ್ಮ ಪ್ರತಿ ಗುಂಡಿಗೂ ಕೊಡಪಾನದಿಂದ ನೀರು ಹೊಯ್ದು ಕಾಯುತ್ತಿದ್ದರು. ಸಂಜೆಯೊಳಗೆ ಇಂಗದಿದ್ದರೆ ಇಳಿದು ತಳವನ್ನು ಮತ್ತೆ ಒಡೆಯುತ್ತಿದ್ದರು. ಆಮೇಲೆ ಗುಂಡಿ ಬಿಸಿಲಿಗೆ ಒಣಗಬೇಕು, ಸುಡುಮಣ್ಣು ತಣಿಯಬೇಕು, ಸೆಗಣಿ ಪುಡಿಯ ಜೊತೆ ಬೆರೆತು ಗುಂಡಿಯಲ್ಲಿ ಕೂರಬೇಕು, ಕುಸಿದಷ್ಟನ್ನು ಮತ್ತೆ ತುಂಬಬೇಕು. ಗಿಡ ಬರುವುದು ಕೊನೆಗೆ.

ಟೈಲ್ಸಿನ ಲಾರಿ ಅದಕ್ಕಿಂತ ಮೊದಲೇ ಬಂತು. ನಾನು ಓಡಿದೆ.

"ದೊಡ್ಡಮ್ಮ, ಮೂಡುಬಿದಿರೆಗೆ ಹೋಗಿ ಈಗಲೇ ಗಿಡ ತರ್ತೇನೆ. ನೆಟ್ಟುಬಿಡುವ. ಗಿಡ ಇದ್ದರೆ ಕೀಳ್ಲಿಕ್ಕೆ ಅವರಿಗೂ ಮನಸ್ಸು ಬರ್ಲಿಕ್ಕಿಲ್ಲ."

"ಮಣ್ಣು ಇನ್ನೂ ಬಿಸಿ ಉಂಟು. ಅವನ ಅವಸರಕ್ಕೆ ನಾನು ಬೇರು ಸುಡುವುದಾ?"

ಅಷ್ಟು ಹೇಳಿ ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದು ಖಾಲಿ ಗುಂಡಿಗಳ ಮುಂದೆ ಹಾಕಿಕೊಂಡು ಕೂತರು. ಮೈದುನ ಬಂದರು.

"ಅತ್ತಿಗೆ, ಏಳಿ. ಎಂಥ ಉಂಟು ಅಲ್ಲಿ ಕಾಯ್ಲಿಕ್ಕೆ? ಬರೀ ಗುಂಡಿ!"

"ಹೌದು, ಗುಂಡಿಯೇ. ಬೇಕಾದರೆ ನಿನ್ನ ಕಾರು ಇಳಿಸು, ನೋಡುವ."

ಕೆಲಸದವರು ಮುಖ ತಿರುಗಿಸಿ ನಕ್ಕರು.

"ಊರಿನವರು ಎಂಥ ಹೇಳ್ತಾರೆ?"

"ಗುಲಾಬಿ ಚಂದ ಉಂಟು ಅಂತ ಹೇಳ್ತಾರೆ. ಸ್ವಲ್ಪ ತಡೆ."

ನಮ್ಮ ಮನೆಯಿಂದ ಕೊಂಡುಹೋದ ಗಂಜಿಯನ್ನೂ ಅವರು ಅಲ್ಲೇ ಕೂತು ಉಂಡರು. ನನ್ನ ದಿನಚರಿಯ ಆ ಪುಟದಲ್ಲಿರುವುದು ಇಷ್ಟೇ: ಗುಂಡಿ ಆರು, ಗಿಡ ಸೊನ್ನೆ, ದೊಡ್ಡಮ್ಮ ಏಳಲಿಲ್ಲ. ಸಂಜೆಯ ಹೊತ್ತಿಗೆ ಟೈಲ್ಸು ಅವರ ಕುರ್ಚಿಯ ಕಾಲಿನವರೆಗೆ ಬಂದು ನಿಂತಿತು.

ಮಣ್ಣು ಕೂತ ಮೇಲೆಯೇ ಗಿಡ ನೆಟ್ಟರು. ಆರೂ ಹಿಡಿದವು. ಆ ಮಳೆಗಾಲದಲ್ಲಿ ಒಂದರ ಬೇರೂ ಕೊಳೆಯಲಿಲ್ಲ. ಮೈದುನ ಮಾತ್ರ ಕಾರು ತಿರುಗಿಸಲಾಗದೆ ಗೇಟಿನವರೆಗೆ ರಿವರ್ಸಿನಲ್ಲೇ ಹೋಗುತ್ತಿದ್ದರು. ದೊಡ್ಡಮ್ಮ ಕಿಟಕಿಯಲ್ಲಿ ನಿಂತು "ಬಾ, ಬಾ, ಜಾಗ ಉಂಟು" ಎಂದು ಕೈ ಬೀಸುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಉತ್ತರಕ್ರಿಯೆಯ ಚಪ್ಪರಕ್ಕೆ ಅಡ್ಡವೆಂದು ಗಿಡ ಕಿತ್ತರು. ಚಪ್ಪರ ಬಿಚ್ಚಿದ ಮೇಲೆ ಅಲ್ಲಿಗೂ ಟೈಲ್ಸು ಬಂತು...

ಈ ಭಾನುವಾರ ನಮ್ಮ ಅಂಗಳದಲ್ಲಿ ನಾನು ಗುಂಡಿ ತೋಡಿದೆ. ಗೋಡೆಯ ಆಚೆಯಿಂದ ದೊಡ್ಡಮ್ಮನ ಮೈದುನ ಇಣುಕಿದರು. "ಆ ಕಷ್ಟ ಯಾಕೆ ಮಾರಾಯ್ತಿ? ನಿಮಗೂ ಇಂಟರ್‌ಲಾಕ್ ಹಾಕಿಸುವನಾ? ನನ್ನ ಪರಿಚಯದವರು ಇದ್ದಾರೆ."

"ಬೇಡ" ಎಂದೆ.

ಹೊಯ್ದ ನೀರು ಸಂಜೆಗೂ ಅರ್ಧ ನಿಂತೇ ಇತ್ತು. ಇನ್ನೆಷ್ಟು ಒಡೆಯಬೇಕೆಂದು ಕೇಳೋಣವೆಂದರೆ ದೊಡ್ಡಮ್ಮ ಇಲ್ಲ. ಗುಂಡಿಗಿಳಿದು ಒಡೆಯುತ್ತಾ ಹೋದೆ.