ಶಟ್‌ಡೌನ್ ಆದ ಮೇಲೂ ಒಳಗಿದ್ದವರು

ಆಗ ನಾನು ಬೇಲೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಪೆನ್‌ಡ್ರೈವ್ ಇನ್ನೂ ಅಪರೂಪವಾಗಿದ್ದ ಕಾಲ. ದಿನಾ ಅರಸೀಕೆರೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಬೆಳಿಗ್ಗೆ ಆನ್ ಮಾಡಿದರೆ ಮೂರ್ನಾಲ್ಕು ಕಂಪ್ಯೂಟರುಗಳು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡುತ್ತಿರಲಿಲ್ಲ. ‘ಇವರು ಈಗಾಗಲೇ ಒಳಗಿದ್ದಾರೆ’ ಎನ್ನುತ್ತಿದ್ದವು. ಬೀಗ ಹಾಕಿದ ಕೋಣೆಯಲ್ಲಿ ಯಾರಿರಲು ಸಾಧ್ಯ?

ಸಂಜೆ ಲ್ಯಾಬ್ ಮುಚ್ಚುತ್ತಿದ್ದವರು ಅಟೆಂಡರಮ್ಮ. ಶಟ್‌ಡೌನ್ ಒತ್ತಿ, ಪರದೆ ಕಪ್ಪಾದ ಮೇಲೆ ಮೇನ್ ಸ್ವಿಚ್ ಆರಿಸಬೇಕೆಂದು ನಾನೇ ಹೇಳಿಕೊಟ್ಟಿದ್ದೆ. ಅವರು ಆತುರದಲ್ಲಿ ನೇರವಾಗಿ ಸ್ವಿಚ್ಚಿಗೇ ಕೈ ಹಾಕುತ್ತಾರೆಂದು ಅನುಮಾನಿಸಿ ಪ್ರಿನ್ಸಿಪಾಲರಿಗೆ ದೂರು ಹೇಳಿದೆ. ಅವರು ನನ್ನೆದುರೇ ಆಕೆಯನ್ನು ಬೈದರು.

“ನೀವು ಹೇಳ್ಕೊಟ್ಟಂಗೇ ಮಾಡ್ತೀನಲ್ಲ ಮೇಡಮ್ಮೋರೆ. ಕಪ್ಪಾಗಗಂಟ ನಿಂತೇ ಇರ್ತೀನಿ” ಎಂದರು ಆಕೆ.

ಮರುದಿನ ಸಂಜೆ ನನ್ನ ಬಸ್ಸನ್ನು ಬಿಟ್ಟು ಅವರ ಪಕ್ಕ ನಿಂತೆ. ಶಟ್‌ಡೌನ್ ಒತ್ತಿದರು. ಪರದೆ ಕಪ್ಪಾಯಿತು. ಆದರೆ ಮೂರು ಕಂಪ್ಯೂಟರುಗಳಲ್ಲಿ ಮೇಜಿನ ಕೆಳಗಿನ ಸಿಪಿಯು ಡಬ್ಬದ ಹಸಿರು ದೀಪ ಆರಲಿಲ್ಲ. ಹತ್ತು ನಿಮಿಷ ಕಾದೆವು.

“ಕಪ್ಪಾಗೈತಲ್ಲ, ಇನ್ನೇನು ಕಾಯೋದು?”

ಕೊನೆಗೆ ನಾನೇ ಮೇನ್ ಸ್ವಿಚ್ ಆರಿಸಿದೆ; ಬೆಳಿಗ್ಗೆ ಒಳಗೆ ಬಿಡದಿದ್ದವು ಆ ಮೂರೇ.

ಲಾಗಿನ್ ಮಾಡಿಸುವ ಆ ಪ್ರೋಗ್ರಾಮ್ ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಒಂದು ವಾರ ಕೂತು ಓದಿದೆ. ನನಗೆ ತಿಳಿದದ್ದು ಇಷ್ಟು: ಶಟ್‌ಡೌನ್ ಆಗುವಾಗ ಅದು ‘ಇಂಥವರು ಒಳಗಿದ್ದಾರೆ’ ಎಂಬ ಗುರುತನ್ನು ಅಳಿಸಬೇಕು. ಆದರೆ ಮೊದಲು ಪರದೆಯನ್ನು ಮುಚ್ಚಿ, ಆಮೇಲೆ ಆ ಮುಚ್ಚಿದ ಪರದೆಯಿಂದಲೇ ಉತ್ತರಕ್ಕೆ ಕಾಯುತ್ತ ನಿಂತುಬಿಡುತ್ತಿತ್ತು. ಹಾಗಿದ್ದರೆ ಎಲ್ಲ ಕಂಪ್ಯೂಟರುಗಳೂ ಕೆಡಬೇಕಿತ್ತಲ್ಲ? ದಿನಕ್ಕೆ ಮೂರ್ನಾಲ್ಕೇ, ಅವೂ ಬೇರೆ ಬೇರೆ, ಯಾಕೆ? ತಿಳಿಯಲಿಲ್ಲ. ಗುರುತು ಅಳಿಸುವ ಸಾಲನ್ನು ಪರದೆ ಮುಚ್ಚುವ ಸಾಲಿಗಿಂತ ಮೇಲಕ್ಕೆ ತಂದೆ. ಮರುದಿನ ಎಲ್ಲವೂ ಒಳಗೆ ಬಿಟ್ಟವು. ಶುಕ್ರವಾರ ಒಂದು ಮತ್ತೆ ತಕರಾರು ಮಾಡಿತು. ಸೋಮವಾರ ಅದೂ ಸುಮ್ಮನಾಯಿತು.

ಬಸ್ ನಿಲ್ದಾಣದ ಬಳಿಯ ಸೈಬರ್ ಸೆಂಟರಿನಿಂದ ನನ್ನ ತಿದ್ದುಪಡಿಯನ್ನು ಆ ಪ್ರೋಗ್ರಾಮ್ ಬರೆದವರಿಗೆ ಕಳಿಸಿದೆ. ಯಾವ ದೇಶದವರೋ, ಉತ್ತರ ಬರೆದರು: ತಿದ್ದಿದ್ದು ಸರಿ, ನೀವು ಕೊಟ್ಟ ಕಾರಣ ತಪ್ಪು. ಅದಕ್ಕೆ ತಮ್ಮದೂ ಒಂದಿಷ್ಟು ಸೇರಿಸಿ ಹೊಸ ಆವೃತ್ತಿ ಹೊರಡಿಸಿದರು. ಅದನ್ನು ಹಾಕಿದ ಮೇಲೆ ತೊಂದರೆ ನಿಂತಿತು. ಆ ಪತ್ರವನ್ನು ನಾಲ್ಕು ಸಲ ಓದಿದೆ. ಸರಿಯಾದದ್ದು ನನ್ನಿಂದಲೋ ಅವರಿಂದಲೋ, ಅರ್ಥವಾಗಲಿಲ್ಲ.

ಪ್ರಿನ್ಸಿಪಾಲರಿಗೆ ವಿಷಯ ತಿಳಿಸಿ ಅಟೆಂಡರಮ್ಮನ ಹತ್ತಿರ ಹೋದೆ. “ತಪ್ಪು ನಿಮ್ಮದಲ್ಲಮ್ಮ, ಪ್ರೋಗ್ರಾಮಿಂದು. ನಾನು ದೂರು ಹೇಳಬಾರದಿತ್ತು.”

“ಅದನ್ನ ಬರ್ದೋರ್ಗೆ ಬೈದ್ರಾ ಮತ್ತೆ?”

“ಇಲ್ಲ, ಥ್ಯಾಂಕ್ಸ್ ಹೇಳ್ದೆ.”

“ನಂಗ್ ಮಾತ್ರ ಬೈಸಿದ್ರಿ” ಎಂದು ಅವರು ಬೀಗದ ಕೈ ತೆಗೆದುಕೊಂಡು ಕಾರಿಡಾರಿನತ್ತ ನಡೆದರು.