ಕುರಿಗಳು ತಲೆಯೆತ್ತಿದ ಫೋನು

೧. ಒಂಬತ್ತು ವರ್ಷಗಳಿಂದ ನನ್ನದು ಒಂದೇ ಕಂಪನಿಯ ಫೋನು.
೨. ನಿನ್ನೆ ಅದು ಸಂಪೂರ್ಣ ನಿಂತುಹೋಯಿತು.
೩. ಮತ್ತೆ ಅದೇ ಕಂಪನಿಯದೋ, ಪ್ರತಿಸ್ಪರ್ಧಿಯದೋ ಎಂದು ತೂಗಲು ಹದಿನೆಂಟು ಅಂಶಗಳ ಪಟ್ಟಿ ಹಿಡಿದು ಇಂದು ಕೊಟ್ಟೂರಿನ ಊರಂಚಿನ ಅಂಗಡಿಗೆ ಹೋದೆ.

ಗೆಳೆಯರೇ, ಕುರಿಗಾಹಿ ಹಾಲಪ್ಪನವರೂ ಅಲ್ಲಿ ಅವೇ ಎರಡು ಫೋನುಗಳ ನಡುವೆ ಸಿಲುಕಿದ್ದರು. ಪ್ರತಿ ಸಂಜೆ ಹೆಂಡತಿಯ ಕರೆ ಬಂದೊಡನೆ ಅವರು ಮನೆಯತ್ತ ಹೊರಡುತ್ತಾರೆ. ಹೀಗಾಗಿ ಆ ರಿಂಗ್‌ಟೋನು ಕೇಳಿದರೆ ಕುರಿಗಳೂ ತಾವಾಗಿಯೇ ಹೊರಡುತ್ತವಂತೆ.

“ಅದೇ ಟೋನು ಎರಡ್ರಾಗೂ ಹಾಕಬಹುದ್ರಿ,” ಎಂದೆ.

“ಹಾಕಿದ್ರ ಆತೇನ್ರಿ ಸಾಹೇಬ್ರ? ಕುರಿ ಒಪ್ಪಬೇಕಲ್ರಿ! ಒಪ್ಪದಿದ್ರ ಅಷ್ಟೂ ಕುರಿ ನಾನೊಬ್ನ ಹೆಂಗ ಹೊಡ್ಕಂಡು ಹೋಗ್ಲಿ?”

ಅಂಗಡಿಯವರು ಎರಡರಲ್ಲೂ ಆ ಟೋನು ಹಾಕಿಕೊಟ್ಟರು. ಎದುರಿನ ಕೊಯ್ಲಾದ ಹೊಲದಲ್ಲಿ ಕುರಿಗಳು ಮೇಯುತ್ತಿದ್ದವು. ಮೊದಲು ನನ್ನ ಕಂಪನಿಯ ಫೋನು ಮೊಳಗಿತು. ಒಂದು ಕುರಿಯೂ ತಲೆಯೆತ್ತಲಿಲ್ಲ. ಇನ್ನೊಂದು ಮೊಳಗಿದೊಡನೆ ಇಡೀ ಹಿಂಡು ಅಂಗಡಿಯ ಮೆಟ್ಟಿಲಿಗೇ ಬಂದು ನಿಂತಿತು.

“ನೋಡ್ರಿ ಸಾಹೇಬ್ರ, ನಿಮ್ ಪಟ್ಟಿ ಓದಾಕ ಬಂದಾವು!” ಎಂದು ಹಾಲಪ್ಪನವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸದ್ದು ಎಷ್ಟು ದೂರ ಕೇಳಿಸುತ್ತದೆ ಎಂಬುದು ನನ್ನ ಹದಿನೆಂಟು ಅಂಶಗಳಲ್ಲಿ ಇರಲೇ ಇಲ್ಲ.

ನಾನೂ ಕುರಿಗಳು ಒಪ್ಪಿದ ಫೋನನ್ನೇ ಕೊಂಡೆ. ರಿಂಗ್‌ಟೋನನ್ನು ಮಾತ್ರ ಬೇರೆ ಇಟ್ಟುಕೊಂಡಿದ್ದೇನೆ.